ಹಳೇ ಕಂಪ್ಯೂಟರ್‌ಗೆ ಹೊಸ ಎಸ್‌ಎಸ್‌ಡಿ ಹಾಕಿದೆ, ಇನ್‌ಸ್ಟಾಲರ್‌ಗೆ ಕಾಣಿಸುತ್ತಿಲ್ಲ. ಮದರ್‌ಬೋರ್ಡ್ ಹೋಯಿತಾ?

ಪ್ರಶ್ನೆ: ನಮ್ಮ ಮನೆಯಲ್ಲಿ 2010ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೊ, ಇಂಟೆಲ್ ಜಿ41 ಚಿಪ್‌ಸೆಟ್‌ನ ಬೋರ್ಡ್, 4 ಜಿಬಿ ರ್‍ಯಾಮ್, ಪಟ್ಟಿ ಕೇಬಲ್‌ನ ಹಳೇ ಡಿವಿಡಿ ರೈಟರ್. 320 ಜಿಬಿ ಹಾರ್ಡ್ ಡಿಸ್ಕ್ ತುಂಬಾ ನಿಧಾನ ಆಯಿತು ಅಂತ ಅದನ್ನು ತೆಗೆದಿಟ್ಟು, 240 ಜಿಬಿ ಸಾಟಾ ಎಸ್‌ಎಸ್‌ಡಿಯನ್ನು ಹೊಸ ಕೇಬಲ್‌ನಲ್ಲಿ ಪಕ್ಕದ ಪೋರ್ಟ್‌ಗೆ ಹಾಕಿದೆ. ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹಾಕಲು ಹೋದರೆ ಯಾವ ಡ್ರೈವೂ ಸಿಗಲಿಲ್ಲ, ಡ್ರೈವರ್ ಲೋಡ್ ಮಾಡಿ ಅನ್ನುತ್ತದೆ. ಲಿನಕ್ಸ್ ಮಿಂಟ್‌ನಲ್ಲಿ ಪೆನ್‌ಡ್ರೈವ್ ಒಂದೇ ಕಾಣಿಸುತ್ತದೆ. ಹಳೇ ಡಿಸ್ಕ್ ಅದರ ಜಾಗಕ್ಕೇ ವಾಪಸ್ ಹಾಕಿದರೆ ವಿಂಡೋಸ್ 7 ಶುರುವಾಗುತ್ತದೆ. ಆನ್ ಮಾಡಿದಾಗಲೆಲ್ಲ ಎಫ್1 ಒತ್ತಬೇಕು, ಅದು ಮೊದಲಿಂದಲೂ ಇದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಬದಲಿಸಿ ಅಂದರು. ನಿಜವೇ? ಯಾವ ಡ್ರೈವರ್ ಹಾಕಬೇಕು?

ಉತ್ತರ: ಮದರ್‌ಬೋರ್ಡ್ ಹೋಗಿದ್ದರೆ ಹಳೇ ಡಿಸ್ಕ್‌ನಿಂದ ವಿಂಡೋಸ್ 7 ಶುರುವಾಗುತ್ತಲೇ ಇರಲಿಲ್ಲ. ಒಂದು ಪೋರ್ಟ್ ಕೆಟ್ಟಿರಬಹುದು, ಕೇಬಲ್ ಕೆಟ್ಟಿರಬಹುದು, ಎಸ್‌ಎಸ್‌ಡಿಯೇ ಕೆಟ್ಟಿರಬಹುದು. ಇಡೀ ಬೋರ್ಡ್ ಬದಲಿಸುವ ಮಾತು ಈಗಲೇ ಬೇಡ. ಡ್ರೈವರ್ ಹುಡುಕುವುದನ್ನೂ ನಿಲ್ಲಿಸಿ. ಯಾಕೆ ಅಂತ ಹೇಳುತ್ತೇನೆ.

ವಿಂಡೋಸ್ ಇನ್‌ಸ್ಟಾಲರ್‌ಗೆ ಡ್ರೈವ್ ಕಾಣಿಸದೆ ಹೋದರೆ ಅದಕ್ಕೆ ಗೊತ್ತಿರುವುದು ಒಂದೇ ಮಾತು: ಡ್ರೈವರ್ ಕೊಡಿ. ತಂತಿ ಸಡಿಲ ಇದ್ದರೂ ಅದೇ ಮಾತು, ಡಿಸ್ಕ್ ಸುಟ್ಟುಹೋಗಿದ್ದರೂ ಅದೇ ಮಾತು. ಅದನ್ನು ನಂಬಿ ಎಷ್ಟೋ ಜನ ಗೊತ್ತಿಲ್ಲದ ಸೈಟ್‌ಗಳಿಂದ ಡ್ರೈವರ್ ಅಂತ ಏನೇನೋ ಇಳಿಸಿಕೊಳ್ಳುತ್ತಾರೆ. ನಿಮ್ಮ ಜಿ41 ಬೋರ್ಡ್‌ನಲ್ಲಿ ಡಿಸ್ಕ್‌ಗಳನ್ನು ನೋಡಿಕೊಳ್ಳುವುದು ಐಸಿಎಚ್7 ಅನ್ನುವ ಚಿಪ್. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 10ರಲ್ಲಿ ಮೊದಲೇ ಇದೆ, ಲಿನಕ್ಸ್ ಕರ್ನೆಲ್‌ನಲ್ಲೂ ಇದೆ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಎರಡು ಆಪರೇಟಿಂಗ್ ಸಿಸ್ಟಂಗಳು ಒಂದೇ ಡ್ರೈವನ್ನು ಕಾಣುತ್ತಿಲ್ಲ ಅಂದರೆ ತೊಂದರೆ ಅವುಗಳಲ್ಲಿ ಇಲ್ಲ, ಅವುಗಳ ಕೆಳಗೆ ಇದೆ. ಮನೆಗೇ ಕರೆಂಟ್ ಬಂದಿಲ್ಲದಾಗ ಬಲ್ಬ್ ಬದಲಿಸುತ್ತಾ ಕೂತರೆ ಏನು ಪ್ರಯೋಜನ ಅಲ್ವಾ?

ಹಾಗಾಗಿ ಮೊದಲ ಕೆಲಸ, ಬಯೋಸ್‌ಗೆ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಈ ಎಸ್‌ಎಸ್‌ಡಿ ಕಾಣಿಸುತ್ತಿದೆಯಾ ನೋಡುವುದು. ನಿಮ್ಮ ಪತ್ರದಲ್ಲಿ ಇಲ್ಲದೆ ಹೋದ ಒಂದು ವಿಷಯ ಇದೇ. ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತುತ್ತಾ ಇರಿ (ಇಂಟೆಲ್ ಕಂಪನಿಯದೇ ಬೋರ್ಡ್ ಆಗಿದ್ದರೆ ಎಫ್2). ಮೊದಲ ಪುಟದಲ್ಲಿ, ಅಥವಾ ಸ್ಟ್ಯಾಂಡರ್ಡ್ ಸಿಮಾಸ್ ಫೀಚರ್ಸ್ ಅನ್ನುವ ಪುಟದಲ್ಲಿ ಐಡಿಇ ಚಾನೆಲ್ ಅಥವಾ ಸಾಟಾ 1, 2, 3, 4 ಅಂತ ಸಾಲುಗಳು ಇರುತ್ತವೆ. ಅವುಗಳ ಮುಂದೆ ಎಸ್‌ಎಸ್‌ಡಿಯ ಮಾಡೆಲ್ ಹೆಸರು ಇದೆಯೋ, ನನ್ (ಏನೂ ಇಲ್ಲ) ಅಥವಾ ನಾಟ್ ಡಿಟೆಕ್ಟೆಡ್ ಅಂತ ಇದೆಯೋ? ಮುಂದಿನ ದಾರಿ ಪೂರ್ತಿ ಇದರ ಮೇಲೆ ನಿಂತಿದೆ. ಬಯೋಸ್‌ನಲ್ಲಿ ಇಲ್ಲ ಅಂದರೆ ತಂತಿ, ಪೋರ್ಟ್, ಕರೆಂಟ್, ಬಯೋಸ್ ಸೆಟ್ಟಿಂಗ್, ಡ್ರೈವ್, ಇಷ್ಟರಲ್ಲೇ ಹುಡುಕಬೇಕು. ಬಯೋಸ್‌ನಲ್ಲಿ ಇದ್ದೂ ಇನ್‌ಸ್ಟಾಲರ್‌ನಲ್ಲಿ ಇಲ್ಲ ಅಂದರೆ ಮಾತ್ರ ಡ್ರೈವರ್, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ), ಪಾರ್ಟಿಷನ್ (ಡಿಸ್ಕ್‌ನಲ್ಲಿ ಮಾಡಿದ ಭಾಗಗಳು) ಇವುಗಳ ಕಡೆ ನೋಡಬೇಕು.

ನನ್ನ ಅಂದಾಜು, ನಿಮಗೆ ಬಯೋಸ್‌ನಲ್ಲೂ ಕಾಣಿಸಲಿಕ್ಕಿಲ್ಲ. ಈ ಅಂದಾಜಿಗೆ ಕಾರಣ ನೀವು ಸುಮ್ನೆ ಬರೆದು ಮುಂದೆ ಹೋದ ಎರಡು ಮಾತು: ಎಫ್1, ಮತ್ತು ಪಟ್ಟಿ ಕೇಬಲ್‌ನ ಡಿವಿಡಿ ರೈಟರ್.

ಆನ್ ಮಾಡಿದಾಗಲೆಲ್ಲ ಎಫ್1 ಕೇಳುವುದಕ್ಕೆ ಹಳೇ ಬೋರ್ಡ್‌ಗಳಲ್ಲಿ ಸಾಮಾನ್ಯ ಕಾರಣ ಬೋರ್ಡ್ ಮೇಲಿನ ಗುಂಡಗಿನ ಬ್ಯಾಟರಿ ಮುಗಿದಿರುವುದು. ಅದು ಸಿಆರ್2032 ಅನ್ನುವ 3 ವೋಲ್ಟ್ ಸೆಲ್. ಗೋಡೆಯ ಸ್ವಿಚ್ ಆಫ್ ಮಾಡಿದಾಗ ಬಯೋಸ್ ಸೆಟ್ಟಿಂಗ್ ಮತ್ತು ಗಡಿಯಾರವನ್ನು ಉಳಿಸಿಕೊಳ್ಳುವುದು ಅದೇ. ಅದು ಸತ್ತರೆ ಪ್ರತಿ ಸಲವೂ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಹೋಗುತ್ತದೆ. ತಾರೀಖು ಹಿಂದಕ್ಕೆ ಹೋಗಿದೆಯಾ ನೋಡಿ, ಹೋಗಿದ್ದರೆ ಅನುಮಾನವೇ ಬೇಡ. ಈ ಸೆಲ್ ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ದೊಡ್ಡ ಖರ್ಚೇನಲ್ಲ. ಮೊದಲು ಅದನ್ನು ಬದಲಿಸಿ. ಇಲ್ಲದಿದ್ದರೆ ನಾನು ಮುಂದೆ ಹೇಳುವ ಸೆಟ್ಟಿಂಗ್ ಇವತ್ತು ಸರಿ ಮಾಡಿದರೂ ನಾಳೆ ಬೆಳಿಗ್ಗೆ ಮತ್ತೆ ಮೊದಲಿನಂತೆ ಆಗುತ್ತದೆ. ಇನ್‌ಸ್ಟಾಲ್ ಆಗಿ ವಾರದ ಮೇಲೆ ಡ್ರೈವ್ ಮತ್ತೆ ಮಾಯ ಆಯಿತು ಅಂತ ಬರುವ ದೂರುಗಳಲ್ಲಿ ಈ ಬ್ಯಾಟರಿಯದೇ ಕೈವಾಡ ಜಾಸ್ತಿ.

ಇನ್ನು ಆ ಸೆಟ್ಟಿಂಗ್. ಐಸಿಎಚ್7 ಚಿಪ್‌ನಲ್ಲಿ ನಾಲ್ಕು ಸಾಟಾ ಪೋರ್ಟ್ ಇವೆ, ಜೊತೆಗೆ ಹಳೇ ಪಟ್ಟಿ ಕೇಬಲ್‌ಗೆ ಒಂದು ಐಡಿಇ ಚಾನೆಲ್. ಆ ಒಂದು ಚಾನೆಲ್‌ಗೆ ಎರಡು ಸಾಧನ ಹಾಕಬಹುದು. ಒಟ್ಟು ಆರು. ಆದರೆ ತೀರಾ ಹಳೇ ಆಪರೇಟಿಂಗ್ ಸಿಸ್ಟಂಗಳಿಗೆ ನಾಲ್ಕು ಸಾಧನಗಳ ಲೆಕ್ಕ ಮಾತ್ರ ಗೊತ್ತಿತ್ತು. ಅವುಗಳಿಗಾಗಿ ಬಯೋಸ್‌ನಲ್ಲಿ ಒಂದು ಹೊಂದಾಣಿಕೆ ಇಟ್ಟರು. ಕೆಲವು ಬೋರ್ಡ್‌ಗಳಲ್ಲಿ ಅದರ ಹೆಸರು ಕಂಬೈನ್ಡ್, ಇನ್ನು ಕೆಲವದರಲ್ಲಿ ಕಂಪ್ಯಾಟಿಬಲ್. ಈ ಮೋಡ್‌ನಲ್ಲಿ ಐಡಿಇಯ ಎರಡಕ್ಕೆ ಜಾಗ ಬಿಟ್ಟು, ಸಾಟಾ ಪೋರ್ಟ್‌ಗಳಲ್ಲಿ ಎರಡನ್ನು ಮಾತ್ರ ತೋರಿಸುತ್ತದೆ. ಉಳಿದ ಎರಡು ಪೋರ್ಟ್‌ಗೆ ಚಿನ್ನದ ಡ್ರೈವ್ ಹಾಕಿದರೂ ಕಾಣಿಸುವುದಿಲ್ಲ. ಹಳೇ ಡಿಸ್ಕ್ ಅದರ ಪೋರ್ಟ್‌ನಲ್ಲಿ ಚೆನ್ನಾಗಿ ಓಡುತ್ತದೆ, ಪಕ್ಕದ ಪೋರ್ಟ್‌ನ ಎಸ್‌ಎಸ್‌ಡಿ ಮಾತ್ರ ಇಲ್ಲವೇ ಇಲ್ಲ. ನಿಮ್ಮ ಕಥೆಗೆ ಇದು ಸರಿಯಾಗಿ ಹೊಂದುತ್ತದೆ.

ಇಂಟಿಗ್ರೇಟೆಡ್ ಪೆರಿಫೆರಲ್ಸ್ ಅಥವಾ ಐಡಿಇ ಕಾನ್ಫಿಗರೇಷನ್ ಅನ್ನುವ ಪುಟಕ್ಕೆ ಹೋಗಿ. ಅಲ್ಲಿ ಆನ್-ಚಿಪ್ ಸಾಟಾ ಮೋಡ್ ಅಥವಾ ಎಟಿಎ/ಐಡಿಇ ಕಾನ್ಫಿಗರೇಷನ್ ಅಂತ ಸಾಲು ಇರುತ್ತದೆ. ಅದನ್ನು ಎನ್‌ಹ್ಯಾನ್ಸ್ಡ್‌ಗೆ ಬದಲಿಸಿ, ಎಫ್10 ಒತ್ತಿ ಉಳಿಸಿ. ಡಿಸೇಬಲ್ಡ್ ಅಂತ ಇದ್ದರೆ ಉತ್ತರ ಅಲ್ಲೇ ಸಿಕ್ಕಂತಾಯಿತು.

ಎಎಚ್‌ಸಿಐ ಮೋಡ್‌ಗೆ (ಸಾಟಾ ಡ್ರೈವ್‌ಗಳ ಜೊತೆ ಮಾತಾಡುವ ಹೊಸ ರೀತಿ) ಹಾಕಿ ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಹೊಸ ಬೋರ್ಡ್‌ಗಳಿಗೆ ಒಳ್ಳೆಯ ಸಲಹೆ. ನಿಮ್ಮದರಲ್ಲಿ ಹುಡುಕಲು ಹೋಗಬೇಡಿ. ಡೆಸ್ಕ್‌ಟಾಪ್‌ನ ಸಾದಾ ಐಸಿಎಚ್7ರಲ್ಲಿ ಎಎಚ್‌ಸಿಐ ಇಲ್ಲವೇ ಇಲ್ಲ. ಐಸಿಎಚ್7ಆರ್ ಮತ್ತು ಲ್ಯಾಪ್‌ಟಾಪ್‌ನ ಐಸಿಎಚ್7ಎಂನಲ್ಲಿ ಇತ್ತು. ಐಡಿಇ ಮೋಡ್‌ನಲ್ಲಿ ಎಸ್‌ಎಸ್‌ಡಿ ಚೆನ್ನಾಗಿಯೇ ಓಡುತ್ತದೆ. ಪೂರ್ತಿ ವೇಗ ಸಿಗುವುದಿಲ್ಲ ನಿಜ, ಏಕೆಂದರೆ ಈ ಪೋರ್ಟ್ ಸೆಕೆಂಡಿಗೆ 3 ಗಿಗಾಬಿಟ್‌ನದು, ನಿಮ್ಮ ಎಸ್‌ಎಸ್‌ಡಿ 6 ಗಿಗಾಬಿಟ್‌ನದು. ಆದರೂ ಹಳೇ ಹಾರ್ಡ್ ಡಿಸ್ಕ್‌ನ ಮುಂದೆ ಅದು ಬೇರೆಯೇ ಕಂಪ್ಯೂಟರ್ ಅನ್ನಿಸುತ್ತದೆ.

ಸಾಟಾ 3 ಡ್ರೈವ್ ಸಾಟಾ 2 ಬೋರ್ಡ್‌ಗೆ ಹೊಂದುವುದಿಲ್ಲ ಅನ್ನುವ ಮಾತೂ ಅಂಗಡಿಗಳಲ್ಲಿ ಓಡಾಡುತ್ತಿರುತ್ತದೆ. ಹೊಂದುತ್ತದೆ. ಎರಡೂ ಕಡೆಯವರು ಮಾತಾಡಿಕೊಂಡು ಕಡಿಮೆ ವೇಗಕ್ಕೆ ಒಪ್ಪಿಕೊಳ್ಳುವಂತೆಯೇ ಸಾಟಾವನ್ನು ಮಾಡಿದ್ದಾರೆ. ಇದಕ್ಕೆ ಹೆಸರುವಾಸಿಯಾದ ಒಂದು ಅಪವಾದ ಇದೆ: ವಿಯಾ ಕಂಪನಿಯ ವಿಟಿ8237 ಮತ್ತು ವಿಟಿ8237ಆರ್ ಚಿಪ್‌ಗಳು. ಇವು ಮೊದಲ ತಲೆಮಾರಿನ 1.5 ಗಿಗಾಬಿಟ್ ಸಾಟಾದವು, ವೇಗ ಇಳಿಸಿಕೊಳ್ಳುವ ಆ ಮಾತುಕತೆ ಇವುಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೇ ಆ ಕಾಲದ ಎಷ್ಟೋ ಹಾರ್ಡ್ ಡಿಸ್ಕ್‌ಗಳ ಹಿಂದೆ 1.5ಕ್ಕೆ ಕಟ್ಟಿಹಾಕುವ ಸಣ್ಣ ಜಂಪರ್ ಕೊಡುತ್ತಿದ್ದರು. ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಆ ಜಂಪರ್ ಇರುವುದಿಲ್ಲ. ಅಂಥ ಬೋರ್ಡ್ ಇರುವವರು ಬೇರೆ ಸಾಟಾ ಕಾರ್ಡ್ ಹಾಕಿಕೊಳ್ಳುವುದೇ ದಾರಿ. ನಿಮ್ಮದು ಇಂಟೆಲ್ ಚಿಪ್, ಈ ಚಿಂತೆ ನಿಮಗಿಲ್ಲ.

ಸೆಟ್ಟಿಂಗ್ ಸರಿ ಇದ್ದೂ ಕಾಣಿಸಲಿಲ್ಲ ಅಂದರೆ ಅದಲುಬದಲು ಮಾಡಿ ನೋಡಬೇಕು. ಪ್ಲಗ್ ಕಳಚಿ, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ ಕೈ ಹಾಕಿ. ಹಳೇ ಹಾರ್ಡ್ ಡಿಸ್ಕ್ ಓಡುತ್ತಿದ್ದ ಅದೇ ಡೇಟಾ ಕೇಬಲ್, ಅದೇ ಪೋರ್ಟ್, ಅದೇ ಪವರ್ ಕನೆಕ್ಟರ್ ತೆಗೆದು ಎಸ್‌ಎಸ್‌ಡಿಗೆ ಹಾಕಿ. ಒಂದನ್ನೂ ಬದಲಿಸಬೇಡಿ. ಈಗ ಬಯೋಸ್‌ನಲ್ಲಿ ಕಾಣಿಸಿತಾ? ಹಾಗಾದರೆ ನಿಮ್ಮ ಹೊಸ ಕೇಬಲ್ ಅಥವಾ ಪಕ್ಕದ ಪೋರ್ಟ್ ಕಳ್ಳ. ಹೊಸ ಕೇಬಲ್ ಅಂದ ಮಾತ್ರಕ್ಕೆ ಒಳ್ಳೇ ಕೇಬಲ್ ಅಲ್ಲ. ಕ್ಲಿಪ್ ಇಲ್ಲದ ಅಗ್ಗದ ಸಾಟಾ ಕೇಬಲ್‌ಗಳು ಕ್ಯಾಬಿನೆಟ್ ಮುಚ್ಚುವಾಗ ಅರ್ಧ ಹೊರಗೆ ಬಂದುಬಿಡುತ್ತವೆ, ನೋಡಿದರೆ ಕೂತಂತೆಯೇ ಕಾಣುತ್ತವೆ.

ಪವರ್ ಕಡೆಯೂ ಒಂದು ಮಾತು. ನಿಮ್ಮ ಹಳೇ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಾಟಾ ಪವರ್ ಕನೆಕ್ಟರ್ ಒಂದೇ ಇದ್ದು, ಎಸ್‌ಎಸ್‌ಡಿಗೆ ನಾಲ್ಕು ಪಿನ್ನಿನ ದೊಡ್ಡ ಮೊಲೆಕ್ಸ್‌ನಿಂದ ಕನ್ವರ್ಟರ್ ಹಾಕಿದ್ದೀರಾ? ಅದನ್ನು ಮೊದಲು ಅನುಮಾನಿಸಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಬೇಕಾಗುವುದು ಕೆಂಪು ತಂತಿಯ 5 ವೋಲ್ಟ್. ಕನ್ವರ್ಟರ್‌ನ ಆ ಪಿನ್ ಒಂದು ಹಿಂದಕ್ಕೆ ಸರಿದಿದ್ದರೆ ಡ್ರೈವ್‌ಗೆ ಜೀವವೇ ಬರುವುದಿಲ್ಲ. ಹಾರ್ಡ್ ಡಿಸ್ಕ್ ಆದರೆ ತಿರುಗುವ ಸದ್ದು ಕೇಳಿ ಗೊತ್ತುಮಾಡಿಕೊಳ್ಳಬಹುದು, ಎಸ್‌ಎಸ್‌ಡಿ ಮೌನಿ. ಇನ್ನೊಂದು ವಿಷಯ, ತಂತಿಯ ಸುತ್ತ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಂತೆ ಮಾಡಿರುವ ಕನ್ವರ್ಟರ್‌ಗಳು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಬಹಳ. ಕೊಳ್ಳುವುದಾದರೆ ತಂತಿಗಳು ಒಂದೊಂದಾಗಿ ಕಾಣುವ, ಒತ್ತಿ ಕೂರಿಸಿದ ಬಗೆಯದನ್ನು ಕೇಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎರಡೂ ಬಗೆ ಒಂದೇ ಅಂಗಡಿಯಲ್ಲಿ ನೇತಾಡುತ್ತಿರುತ್ತವೆ, ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳಿ.

ಹಳೇ ಡಿಸ್ಕ್‌ನ ಜಾಗದಲ್ಲೂ ಎಸ್‌ಎಸ್‌ಡಿ ಕಾಣಿಸಲಿಲ್ಲ ಅಂದರೆ ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ. ಯುಎಸ್‌ಬಿಯಿಂದ ಸಾಟಾ ಮಾಡುವ ಕೇಬಲ್ ಇದ್ದರೆ ಸಾಕು. ವಿಂಡೋಸ್‌ನಲ್ಲಿ ದಿಸ್ ಪಿಸಿ ತೆರೆದು ನೋಡಬೇಡಿ. ಹೊಚ್ಚ ಹೊಸ ಡ್ರೈವ್‌ಗೆ ಪಾರ್ಟಿಷನ್ ಇರುವುದಿಲ್ಲ, ಆದ್ದರಿಂದ ಅಲ್ಲಿ ಬರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಅಲ್ಲೂ ಇಲ್ಲದಿದ್ದರೆ ಎಸ್‌ಎಸ್‌ಡಿ ಸತ್ತಿದೆ, ವಾರಂಟಿಗೆ ಕೊಡಿ. ಅಂದಹಾಗೆ, ಎಸ್‌ಎಸ್‌ಡಿಯನ್ನು ಮೊದಲು ಫಾರ್ಮ್ಯಾಟ್ ಮಾಡದಿದ್ದರೆ ಇನ್‌ಸ್ಟಾಲರ್‌ಗೆ ಕಾಣಿಸುವುದಿಲ್ಲ ಅನ್ನುವುದು ಸುಳ್ಳು. ಖಾಲಿ ಡ್ರೈವ್ ಅನ್‌ಅಲೋಕೇಟೆಡ್ ಸ್ಪೇಸ್ ಅಂತ ಚೆನ್ನಾಗಿಯೇ ಕಾಣಿಸುತ್ತದೆ.

ಬಯೋಸ್‌ನಲ್ಲಿ ಬಂತು, ಇನ್‌ಸ್ಟಾಲರ್‌ನಲ್ಲಿ ಮಾತ್ರ ಇಲ್ಲ. ನಿಮ್ಮ ಯಂತ್ರದಲ್ಲಿ ಇದು ಆಗುವುದು ಕಡಿಮೆ. ಆದರೆ ಇದನ್ನು ಓದುವ ಬೇರೆಯವರಿಗೆ ಆಗಬಹುದು, ಅದಕ್ಕೆ ಸ್ವಲ್ಪ ಬರೆಯುತ್ತೇನೆ.

ವಿಂಡೋಸ್ ಎಕ್ಸ್‌ಪಿ ಹಾಕುವವರು ಇನ್ನೂ ಇದ್ದಾರೆ. ಹಳೇ ಲೇಥ್ ಮಷಿನ್, ಹಳೇ ಟ್ಯಾಲಿ, ಹಳೇ ಸ್ಕ್ಯಾನರ್ ಹೀಗೆ ಏನೋ ಒಂದು ಕಾರಣ. ಎಕ್ಸ್‌ಪಿಯ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಬಯೋಸ್ ಎಎಚ್‌ಸಿಐನಲ್ಲಿ ಇದ್ದರೆ ಹಾರ್ಡ್ ಡಿಸ್ಕೇ ಇಲ್ಲ ಅನ್ನುತ್ತದೆ, ಇಲ್ಲವೇ 7ಬಿ ಅಂತ ಕೊನೆಯಾಗುವ ನೀಲಿ ಪರದೆ ತೋರಿಸುತ್ತದೆ. ಆಗ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು. ಈಗ ಫ್ಲಾಪಿ ಎಲ್ಲಿದೆ? ಬಯೋಸ್‌ನಲ್ಲಿ ಐಡಿಇ ಮೋಡ್‌ಗೆ ಹಾಕಿಬಿಡಿ, ಮುಗಿಯಿತು. ಆದರೆ ಆಗಲೇ ವಿಂಡೋಸ್ ಕೂತಿರುವ ಯಂತ್ರದಲ್ಲಿ ಈ ಮೋಡನ್ನು ಸುಮ್ನೆ ಬದಲಿಸಬೇಡಿ, ಇದ್ದ ವಿಂಡೋಸ್ ಏಳದೆ ಹೋಗಬಹುದು. ಹಾಗಾದರೆ ಹೆದರಬೇಡಿ, ಮೋಡ್ ವಾಪಸ್ ಹಾಕಿದರೆ ಅದೂ ವಾಪಸ್ ಬರುತ್ತದೆ.

ವಿಂಡೋಸ್ 7 ಹಾಕುವಾಗ ಸಿಡಿ/ಡಿವಿಡಿ ಡ್ರೈವ್‌ನ ಡ್ರೈವರ್ ಬೇಕು ಅಂತ ಒಂದು ಸಂದೇಶ ಬರುತ್ತದೆ. ಜನ ಇದನ್ನು ಹಾರ್ಡ್ ಡಿಸ್ಕ್‌ನ ತೊಂದರೆ ಅಂದುಕೊಳ್ಳುತ್ತಾರೆ. ಅಸಲಿಗೆ ಇನ್‌ಸ್ಟಾಲರ್‌ಗೆ ತಾನು ಬಂದ ಪೆನ್‌ಡ್ರೈವೇ ಕಾಣದೆ ಹೋಗಿರುತ್ತದೆ. ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಇಲ್ಲ. ಪೆನ್‌ಡ್ರೈವನ್ನು ನೀಲಿ ಪೋರ್ಟ್‌ನಿಂದ ಕಿತ್ತು ಕಪ್ಪು ಪೋರ್ಟ್‌ಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಲಿನಕ್ಸ್‌ನಲ್ಲಿ ತಲೆಕೆಡಿಸುವುದು ಹಳೇ ರೇಡ್ ಗುರುತು. ಡ್ರೈವ್ ಹಿಂದೆ ಯಾವುದೋ ಆಫೀಸಿನ ಕಂಪ್ಯೂಟರ್‌ನಲ್ಲಿ ರೇಡ್ ಜೋಡಿಯಲ್ಲಿ ಇದ್ದಿದ್ದರೆ ಅದರ ಗುರುತು ಡಿಸ್ಕ್‌ನಲ್ಲಿ ಉಳಿದಿರುತ್ತದೆ. ಇಂಟೆಲ್‌ನ ರೇಡ್ ಆದರೆ ಅದು ಕೂತಿರುವುದು ಡಿಸ್ಕ್‌ನ ಕಟ್ಟಕಡೆಯಲ್ಲಿ. ಪಾರ್ಟಿಷನ್ ಎಲ್ಲ ಅಳಿಸಿದರೂ ಅದು ಹೋಗುವುದಿಲ್ಲ. ಇನ್‌ಸ್ಟಾಲರ್ ಅದನ್ನು ನೋಡಿ ಇದು ಒಂಟಿ ಡಿಸ್ಕ್ ಅಲ್ಲ ಅಂತ ಪಕ್ಕಕ್ಕೆ ಇಡುತ್ತದೆ. ಜಿಪಾರ್ಟೆಡ್ ಅನ್ನುವ ಪಾರ್ಟಿಷನ್ ತಂತ್ರಾಂಶದಲ್ಲಿ ಡ್ರೈವ್ ಕಾಣಿಸಿ ಇನ್‌ಸ್ಟಾಲರ್‌ನಲ್ಲಿ ಕಾಣಿಸದಿದ್ದರೆ ಇದನ್ನೇ ಅನುಮಾನಿಸಿ. ಲೈವ್ ಮಿಂಟ್‌ನ ಟರ್ಮಿನಲ್‌ನಲ್ಲಿ ವೈಪ್‌ಎಫ್‌ಎಸ್ ಅನ್ನುವ ಕಮಾಂಡ್ ಈ ಗುರುತುಗಳನ್ನು ಒರೆಸುತ್ತದೆ. ಡ್ರೈವ್‌ನ ಹೆಸರು ತಪ್ಪು ಕೊಟ್ಟರೆ ಬೇರೆ ಡಿಸ್ಕ್‌ನ ಗುರುತು ಒರೆಸುತ್ತದೆ, ಆದ್ದರಿಂದ ಬೇಕಾದ ಡೇಟಾ ಇರುವ ಡಿಸ್ಕ್‌ನ ಕೇಬಲ್ ಮೊದಲೇ ಕಳಚಿಡಿ.

ಡ್ರೈವ್ ಕಾಣಿಸುತ್ತದೆ, ನೆಕ್ಸ್ಟ್ ಮಾತ್ರ ಒತ್ತಲು ಬಿಡುವುದಿಲ್ಲ. ಇದು ನಿಮಗೂ ಎದುರಾಗಬಹುದು. ಜಿಪಿಟಿ (ಪಾರ್ಟಿಷನ್‌ಗಳ ಪಟ್ಟಿ ಬರೆದಿಡುವ ಹೊಸ ರೀತಿ) ಅಂತ ದೂರಿದರೆ, ಆ ಡ್ರೈವ್ ಬೇರೆ ಹೊಸ ಕಂಪ್ಯೂಟರ್‌ನಲ್ಲಿ ತಯಾರಾಗಿದೆ ಅಂತ ಅರ್ಥ. ಹಳೇ ಬಯೋಸ್‌ನಿಂದ ಬೂಟ್ ಆಗಲು ವಿಂಡೋಸ್‌ಗೆ ಎಂಬಿಆರ್ ಅನ್ನುವ ಹಳೇ ರೀತಿಯೇ ಬೇಕು. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್. ಗಾತ್ರ ನೋಡಿ ನಿಮ್ಮ ಎಸ್‌ಎಸ್‌ಡಿ ಯಾವ ನಂಬರ್ ಅಂತ ಗೊತ್ತುಮಾಡಿಕೊಳ್ಳಿ. 240 ಜಿಬಿಯದು ಅಲ್ಲಿ 223 ಜಿಬಿ ಅಂತ ಕಾಣುತ್ತದೆ, ಮೋಸ ಏನಿಲ್ಲ, ಲೆಕ್ಕ ಹಾಕುವ ರೀತಿ ಬೇರೆ. ಸೆಲೆಕ್ಟ್ ಡಿಸ್ಕ್ ಮತ್ತು ಆ ನಂಬರ್, ಕೊನೆಗೆ ಕ್ಲೀನ್. ಅದರಲ್ಲಿದ್ದ ಎಲ್ಲವೂ ಹೋಗುತ್ತದೆ, ಮತ್ತೆ ಕೇಳುವುದೂ ಇಲ್ಲ. ಅದಕ್ಕಾಗಿ ಒತ್ತುವ ಮೊದಲು ನಂಬರ್ ಇನ್ನೊಮ್ಮೆ ನೋಡಿ.

ಈ ಡಿಸ್ಕ್‌ನಿಂದ ಬೂಟ್ ಮಾಡಲು ಹಾರ್ಡ್‌ವೇರ್ ಒಪ್ಪದಿರಬಹುದು ಅನ್ನುವ ಸಂದೇಶವೂ ಬರುತ್ತದೆ. ಹಳೇ ಬಯೋಸ್‌ಗಳು ಪೆನ್‌ಡ್ರೈವನ್ನೂ ಹಾರ್ಡ್ ಡಿಸ್ಕ್ ಅಂತಲೇ ಎಣಿಸುತ್ತವೆ. ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ ಪಟ್ಟಿಯಲ್ಲಿ ಪೆನ್‌ಡ್ರೈವ್ ಮೇಲೆ, ಎಸ್‌ಎಸ್‌ಡಿ ಕೆಳಗೆ ಇದ್ದರೆ ಹೀಗಾಗಬಹುದು. ಎಸ್‌ಎಸ್‌ಡಿಯನ್ನು ಪಟ್ಟಿಯ ಮೇಲಕ್ಕೆ ತನ್ನಿ, ಪೆನ್‌ಡ್ರೈವನ್ನು ಬೂಟ್ ಮೆನುವಿನಿಂದ ಒಂದು ಸಲಕ್ಕೆ ಮಾತ್ರ ಆರಿಸಿ. ಗಿಗಾಬೈಟ್ ಬೋರ್ಡ್‌ಗೆ ಎಫ್12, ಏಸಸ್‌ಗೆ ಎಫ್8, ಎಂಎಸ್‌ಐಗೆ ಎಫ್11, ಇಂಟೆಲ್‌ಗೆ ಎಫ್10. ಲಿನಕ್ಸ್ ಹಾಕುವವರೂ ಇದನ್ನು ನೋಡಿಕೊಳ್ಳಬೇಕು. ಬೂಟ್‌ಲೋಡರ್ (ಲಿನಕ್ಸನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಂ) ಎಲ್ಲಿಗೆ ಅಂತ ಕೇಳುವಾಗ ಎಸ್‌ಎಸ್‌ಡಿಯನ್ನು ತೋರಿಸಿ. ಅದು ಪೆನ್‌ಡ್ರೈವ್‌ಗೆ ಹೋಗಿ ಕೂತರೆ, ಪೆನ್‌ಡ್ರೈವ್ ಕಿತ್ತ ಮೇಲೆ ಕಂಪ್ಯೂಟರ್ ಏಳುವುದೇ ಇಲ್ಲ.

ಮುಂದೆ ಯಾವತ್ತಾದರೂ ಅಗ್ಗಕ್ಕೆ ಸಿಕ್ಕಿತು ಅಂತ ಎನ್‌ವಿಎಂಇ ಎಸ್‌ಎಸ್‌ಡಿಯನ್ನು (ಸಾಟಾ ಬಿಟ್ಟು ಬೇರೆ ದಾರಿಯಲ್ಲಿ ಓಡುವ ಹೊಸ ಬಗೆ) ಕಾರ್ಡ್ ಮೇಲೆ ಈ ಬೋರ್ಡ್‌ಗೆ ಹಾಕಲು ಹೋಗಬೇಡಿ. ಲಿನಕ್ಸ್‌ಗೆ ಅದು ಕಾಣಿಸುತ್ತದೆ, ನಿಮ್ಮ ಬಯೋಸ್‌ಗೆ ಅದು ಏನು ಅಂತಲೇ ಗೊತ್ತಿಲ್ಲ. ಬೂಟ್ ಆಗುವುದಿಲ್ಲ.

ಯಾವುದನ್ನು ಹಾಕಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಪಾಪ್‌ಕೌಂಟ್ ಅನ್ನುವ ಪ್ರೊಸೆಸರ್ ಸೂಚನೆ ಕೋರ್ 2 ಡ್ಯುಯೊದಲ್ಲಿ ಇಲ್ಲ, ಏನೇ ಕಸರತ್ತು ಮಾಡಿದರೂ ಅದು ಶುರುವಾಗುವುದಿಲ್ಲ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ಓಡುತ್ತದೆ. ಕನ್ನಡ ಟೈಪ್ ಮಾಡುವವರಾದರೆ ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ಇದೆ, ನುಡಿ ತಂತ್ರಾಂಶದಲ್ಲಿ ಕಲಿತ ಬೆರಳುಗಳಿಗೆ ಕಷ್ಟ ಆಗುವುದಿಲ್ಲ.

ಹೊಸ ಬ್ಯಾಟರಿ ಹಾಕಿ, ಎನ್‌ಹ್ಯಾನ್ಸ್ಡ್ ಮಾಡಿದ ಮೇಲೂ ಪಕ್ಕದ ಪೋರ್ಟ್ ಮಾತ್ರ ಸುಮ್ಮನಿದ್ದರೆ ಆ ಪೋರ್ಟ್ ಸತ್ತಿದೆ ಅಂತ ಬಿಟ್ಟುಬಿಡಿ. ಎಸ್‌ಎಸ್‌ಡಿಯನ್ನು ಹಳೇ ಡಿಸ್ಕ್‌ನ ಪೋರ್ಟ್‌ಗೆ ಹಾಕಿ, ಹಳೇ ಡಿಸ್ಕನ್ನು ಯುಎಸ್‌ಬಿ ಡಬ್ಬಿಯಲ್ಲಿ ಇಟ್ಟು ಫೋಟೊ, ಕಡತಗಳನ್ನು ನಕಲು ಮಾಡಿಕೊಳ್ಳಿ. ಇನ್ನೊಂದು ಪೋರ್ಟ್ ಬೇಕೇ ಬೇಕು ಅಂದರೆ ಪಿಸಿಐ-ಎಕ್ಸ್‌ಪ್ರೆಸ್ ಸಾಟಾ ಕಾರ್ಡ್ ಸಿಗುತ್ತದೆ. ಅದರಿಂದಲೇ ಬೂಟ್ ಮಾಡಬೇಕಾದರೆ ಬೂಟ್ ರಾಮ್ (ಬೂಟ್ ಮಾಡಿಸುವ ತಂತ್ರಾಂಶ ಇರುವ ಚಿಪ್) ಇರುವ ಕಾರ್ಡೇ ಬೇಕು ಅಂತ ಕೇಳಿ ಕೊಳ್ಳಿ. ಇಷ್ಟರಲ್ಲಿ ಸರಿಹೋಗದಿದ್ದರೆ ಬಯೋಸ್‌ನ ಮೊದಲ ಪುಟ ಮತ್ತು ಸಾಟಾ ಸೆಟ್ಟಿಂಗ್ ಪುಟದ ಫೋಟೊ, ಬೋರ್ಡ್ ಮೇಲೆ ಅಚ್ಚಾದ ಮಾಡೆಲ್ ನಂಬರ್, ಎಸ್‌ಎಸ್‌ಡಿ ಬೇರೆ ಕಂಪ್ಯೂಟರ್‌ನಲ್ಲಿ ಕಾಣಿಸಿತೋ ಇಲ್ಲವೋ ಅನ್ನುವುದನ್ನು ಬರೆದು ಕಳಿಸಿ.